ರಂಗೋಲಿ ಅಳಿಸಿದ ಎರೆಹುಳಗಳು

ಬಾ ಕೂಸೇ, ಕಂಬಳಿಯೊಳಗೆ ಬಾ. ಬಚ್ಚಲಲ್ಲಿ ಎರೆಹುಳ ಬಂತು ಅಂತ ಊರೆಲ್ಲ ಕೇಳೋ ಹಾಗೆ ಕಿರುಚ್ಕೊಂಡ್ಯಲ್ಲ, ಅದೇನು ನಿನ್ನ ನೋಡೋಕೆ ಬಂದಿತ್ತೇ? ಪಾಪ, ಅದಕ್ಕೆ ಕಣ್ಣೇ ಇಲ್ಲ. ಕಾಲು ಚಾಚು. ನಡುನಡುವೆ ಹೂಂ ಅಂತಿರಬೇಕು, ನೀನು ಹೂಂ ಅನ್ನದೆ ಹೋದ್ರೆ ನನ್ನ ಕತೆ ಮುಂದಕ್ಕೆ ಹೋಗಲ್ಲ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲಿದ್ದ ಕಾಲದಲ್ಲಿ, ಒಂದೂರಲ್ಲಿ ಬೋರಮ್ಮ ಅಂತ ಒಬ್ಬಳು ಯಜಮಾನಿ ಇದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು, ಮನೆ ತುಂಬ ಮೊಮ್ಮಕ್ಕಳು. ದೊಡ್ಡ ಸೊಸೆ ಸಾಕಮ್ಮ, ನಡುವಿನೋಳು ಲಕ್ಕಿ, ಕಿರಿಯೋಳು ತಿಮ್ಮಿ. ತಿಮ್ಮಿ ಆ ಮನೆಗೆ ಬಂದು ಇನ್ನೂ ಮೂರು ತಿಂಗಳು ಆಗಿತ್ತಷ್ಟೆ. ಅವರ ಇಡೀ ವರ್ಷದ ರಾಗಿ ಅಂಗಳದಲ್ಲಿ ನೆಲದೊಳಗೆ ಇತ್ತಂತೆ. ಅದಕ್ಕೆ ಹಗೇವು ಅಂತಾರೆ ಕಣೇ. ಬಾವಿ ಥರ ತೋಡಿ, ಒಳಗೆ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡೋದು. ಕಳ್ಳರಿಗೆ ಗುರುತು ಸಿಗಬಾರದು ಅಂತ ಬೋರಮ್ಮ ಅದರ ಮೇಲೇ ದಿನಾ ಸಗಣಿ ಸಾರಿಸಿ ರಂಗೋಲಿ ಬಿಡಿಸೋಕೆ ಹೇಳ್ತಿದ್ದಳು. ಹಗೇವಿನ ಬಾಯಿ ತೆಗೆಯೋದು ಮನೆಯ ಹಿರಿಮಗ ಮಾತ್ರ, ಅದೂ ಪೂಜೆ ಮಾಡಿ. ಹೆಂಗಸರು ಅದನ್ನ ಮುಟ್ಟೋ ಹಾಗಿಲ್ಲ, ಅದು ಆ ಮನೆಯ ಕಟ್ಟಳೆ. ಚೆನ್ನಾಗಿದೆ ಕಟ್ಟಳೆ! ಬೀಸೋದು ಹೆಂಗಸರು, ಮುದ್ದೆ ತೊಳಸೋದು ಹೆಂಗಸರು, ಚಪ್ಪಡಿ ಮಾತ್ರ ಮುಟ್ಟಬಾರದು.

ಆಮೇಲೆ ಏನಾಯ್ತು ಅಂದ್ರೆ, ಗಂಡುಮಕ್ಕಳು ಮೂವರೂ ಗಾಡಿ ಕಟ್ಕೊಂಡು ಉಪ್ಪು ತರೋಕೆ ಅಂತ ಕಡಲ ಕಡೆ ಹೋದರಂತೆ, ಅವರು ಅತ್ತ ಹೋದರು, ಇತ್ತ ಮಳೆ ಹಿಡೀತಂತೆ. ಎಂಥಾ ಮಳೆ ಅಂತೀಯ, ಮೂರು ದಿನ ಸೂರ್ಯ ಎದ್ದನೋ ಮಲಗಿದನೋ ಯಾರಿಗೂ ಗೊತ್ತಾಗಲಿಲ್ಲವಂತೆ. ಬೆಳಿಗ್ಗೆ ಒಂದು ಗಳಿಗೆ ಹೊಳವಾಗೋದು, ಆಮೇಲೆ ಮತ್ತೆ ಸುರಿಯೋದು.

ಮೊದಲನೇ ದಿನ ಸಾಕಮ್ಮ ರಂಗೋಲಿ ಬಿಟ್ಟು ತಿರುಗಿ ನೋಡ್ತಾಳೆ, ನೂರಾರು ಎರೆಹುಳ ಅದರ ಮೇಲೆ ಹರಿದು ಗೆರೆಯೆಲ್ಲ ಎಳೆದಾಡಿಬಿಟ್ಟಿವೆ. ನನ್ನ ಎಂಟೆಸಳಿನ ತಾವರೆ ಹಾಳಾಯ್ತಲ್ಲ ಅಂತ ಅವಳು ಸಿಟ್ಟು ಮಾಡ್ಕೊಂಡು ಪೊರಕೆಯಿಂದ ಎಲ್ಲಾನೂ ಗುಡಿಸಿದಳಂತೆ. ಎರಡನೇ ದಿನ ಹುಳ ಹೊಸಿಲಿಗೇ ಬಂದವಂತೆ. ಲಕ್ಕಿ ಒಲೆಯ ಬೂದಿ ತಂದು ಹೊಸಿಲ ಉದ್ದಕ್ಕೂ ಸುರಿದು, ಉಳಿದಿದ್ದನ್ನ ಮೊರಕ್ಕೆ ತುಂಬ್ಕೊಂಡು ಹೋಗಿ ತಿಪ್ಪೆಗೆ ಹಾಕಿ ಬಂದಳಂತೆ. ಮೂರನೇ ದಿನ ಏನಾಯ್ತು ಹೇಳು? ಗೋಡೆ ಹತ್ತಿದವಂತೆ! ದೀಪದ ಗೂಡಿನ ತನಕ ಹತ್ತಿ, ಒದ್ದೆ ದಾರ ನೇತುಹಾಕಿದ ಹಾಗೆ ಇಳಿಬಿದ್ದಿದ್ದವಂತೆ. ಸಾಕಮ್ಮ, ಲಕ್ಕಿ ಇಬ್ಬರೂ, ಈ ತಿಮ್ಮಿ ಕಾಲಿಟ್ಟಾಗಿನಿಂದ ಮನೆಗೆ ಹುಳ ಹಿಡೀತು ಅಂತ ಗೊಣಗಿದರಂತೆ. ತಿಮ್ಮಿಗೆ ಅಳು ಬಂತು. ಬರದೆ ಇರುತ್ತಾ?

ಅವಳು ಅಳ್ತಾ ಅಳ್ತಾ ಜಗಲಿ ಮೇಲೆ ಒರಗಿದಳು, ಮಳೆ ಜೋಗುಳ ಹಾಡ್ತಿತ್ತು, ಹಾಗೇ ಕಣ್ಣು ಹತ್ತಿತಂತೆ. ಕನಸಲ್ಲಿ ಅವಳು ಎರೆಹುಳದಷ್ಟೇ ಸಣ್ಣಗಾಗಿ ನೆಲದೊಳಗೆ ಇಳಿದಳಂತೆ. ಅಲ್ಲಿ ಕತ್ತಲು ಬೆಚ್ಚಗಿತ್ತಂತೆ, ಬೇರುಗಳು ಮೆಲ್ಲಗೆ ಉಸಿರಾಡ್ತಿದ್ದವಂತೆ. ಇನ್ನೂ ಕೆಳಗೆ ಹೋದರೆ ರಾಗಿಕಾಳುಗಳೆಲ್ಲ ಒಂದರ ಮೈಗೊಂದು ಒತ್ತಿಕೊಂಡು ನಿನ್ನ ಹಾಗೇ ಮಲಗಿದ್ದವಂತೆ, ಸಾವಿರ, ಲಕ್ಷ, ಎಣಿಸೋಕೆ ಆಗಲ್ಲ. ಅದರಲ್ಲಿ ಒಂದು ಕಾಳು ನಿದ್ದೆಗಣ್ಣಲ್ಲೇ ತಿಮ್ಮೀ, ನಮ್ಮ ಕಾಲು ಒದ್ದೆಯಾಗ್ತಿದೆ ಕಣೇ ಅಂತಂತೆ.

ತಿಮ್ಮಿ ತಟ್ಟನೆ ಎದ್ದು ಕೂತಳು. ಆಗ ಅಂಗಳ ನೋಡ್ತಾಳೆ, ಮಳೆ ಹೊಳವಾಗಿತ್ತು, ಸಾಕಮ್ಮ ಆಗಷ್ಟೇ ಬಿಟ್ಟಿದ್ದ ರಂಗೋಲಿಯ ಪುಡಿ ಮೆತ್ತಿಕೊಂಡ ಹುಳಗಳು ಹರಿದ ದಾರಿಯೆಲ್ಲ ಬೆಳ್ಳಗೆ ಕಾಣ್ತಿತ್ತಂತೆ. ಒಂದು ಗೆರೆ ಹಿತ್ತಲಿಗೆ, ಒಂದು ಗೆರೆ ಹೊಸಿಲಿಗೆ, ಒಂದು ಗೆರೆ ಗೋಡೆಗೆ, ಹೋಗಿದ್ದು ಎಲ್ಲೆಲ್ಲಿಗೋ, ಆದರೆ ಎಲ್ಲಾ ಗೆರೆ ಹೊರಟಿದ್ದು ಒಂದೇ ಜಾಗದಿಂದ, ಹಗೇವಿನಿಂದ.

ಅವಳು ಓಡಿ ಹೋಗಿ, ಅತ್ತೆಮ್ಮಾ, ಹಗೇವಿಗೆ ನೀರು ನುಗ್ಗಿದೆ, ಮಣ್ಣೊಳಗೆ ಇರೋಕೆ ಆಗದೆ ಹುಳ ಓಡಿ ಬರ್ತಿವೆ, ಈಗಲೇ ರಾಗಿ ತೆಗೀಬೇಕು ಅಂದಳಂತೆ. ಬೋರಮ್ಮ ಗದರಿಸಿದಳು. ಹಿರಿಮಗ ಇಲ್ಲದೆ ಬಾಯಿ ತೆಗೆಯೋದೇ, ಅದೂ ಈ ಮಳೇಲಿ? ನಿನ್ನ ಮಾತು ಸುಳ್ಳಾಗಿ ಮಳೆ ಒಳಗೆ ಬಿದ್ದರೆ ಇಷ್ಟು ಮಕ್ಕಳು ವರ್ಷವೆಲ್ಲ ಏನೇ ತಿನ್ನಬೇಕು? ಅದಕ್ಕೆ ತಿಮ್ಮಿ ಅಂದಳಂತೆ, ನನ್ನ ಮಾತು ನಿಜವಾಗಿ ನೀವು ತೆಗೆಯದೆ ಹೋದರೆ ಏನು ತಿಂತಾರೆ ಅತ್ತೆಮ್ಮಾ?

ಬೋರಮ್ಮನ ಗಂಡ ಸಾಯೋವಾಗ ಕಟ್ಟಳೆ ಮೀರಬೇಡ ಅಂದಿದ್ದ. ಒಳಗೆ ಮೊಮ್ಮಗು ಹಿಟ್ಟು ಹಿಟ್ಟು ಅಂತ ಅಳ್ತಿತ್ತು. ಅವಳು ಒನಕೆ ತಗೊಂಡು ಅಂಗಳಕ್ಕೆ ಇಳಿದು, ಹಗೇವಿನ ಪಕ್ಕದ ನೆಲಕ್ಕೆ ಕುಟ್ಟಿ ಕಿವಿಗೊಟ್ಟಳಂತೆ. ಮೇಲೆ ಎಷ್ಟೇ ನೆನೆದರೂ ಒಳಗೆ ಒಣಗಿದ್ದ ನೆಲ ಢಣ್ ಅನ್ನಬೇಕು. ಅದು ಪಚಕ್ ಅಂತಂತೆ. ಅವಳು ಒನಕೆ ಬಿಸಾಕಿ, ಏನ್ರೇ ನೋಡ್ತಾ ನಿಂತಿದ್ದೀರಿ, ಚಾಪೆ ತನ್ನಿ, ಹಾರೆ ತನ್ನಿ ಅಂತ ಕೂಗಿದಳಂತೆ.

ಸೊಸೆಯರು ಈಚಲು ಚಾಪೆಗಳನ್ನ ಸೂರಿನ ಹಾಗೆ ಅಡ್ಡ ಕಟ್ಟಿ, ಚಪ್ಪಡಿ ಸರಿಸಿದರು. ಹಗೇವಿಗೆ ಹಾಗೇ ಇಳೀಬಾರದು ಕಣೇ, ಒಳಗೆ ಕೆಟ್ಟ ಗಾಳಿ ಇರುತ್ತೆ. ಹಗ್ಗಕ್ಕೆ ದೀಪ ಕಟ್ಟಿ ಬಿಟ್ಟರು, ಆರಿಹೋಯ್ತು. ಕಾದು ಇನ್ನೊಂದು ಸಲ ಬಿಟ್ಟರು, ಆರಿಹೋಯ್ತು. ಮೊರದಿಂದ ಬೀಸಿ ಬೀಸಿ ಮೂರನೇ ಸಲ ಬಿಟ್ಟರು, ದೀಪ ಉರೀತಾನೇ ಇತ್ತಂತೆ. ಆಮೇಲೆ ತಿಮ್ಮಿ ಇಳಿದಳು. ಅವಳು ತುಂಬಿ ಕೊಡೋದು, ಲಕ್ಕಿ ಎಳೆಯೋದು, ಸಾಕಮ್ಮ ಹೊತ್ತು ಅಟ್ಟಕ್ಕೆ ಹಾಕೋದು. ಬೈದ ಬಾಯಲ್ಲೇ ಅವರಿಬ್ಬರೂ ತಂಗೀ, ಹುಷಾರು ಕಣೇ ಅಂತ ಗಳಿಗೆಗೊಂದು ಸಲ ಕೂಗ್ತಿದ್ದರಂತೆ. ತಳದಲ್ಲಿ ಒಂದು ಮೊಳ ರಾಗಿ ಮಾತ್ರ ನೆನೆದಿತ್ತು. ಅದನ್ನೂ ಬಾಚಿ ಕೊಟ್ಟು ತಿಮ್ಮಿ ಮೇಲೆ ಬಂದಳೋ ಇಲ್ಲವೋ, ಒಳಗಿನ ಮಣ್ಣುಗೋಡೆ ದಬಾಲ್ ಅಂತ ಕುಸಿದು ಹಗೇವು ತುಂಬ ಕೆಂಪು ನೀರು ನಿಂತಿತಂತೆ. ಬೋರಮ್ಮ ಸೊಸೆಯನ್ನ ತಬ್ಬಿಕೊಂಡು ಗೊಳೋ ಅಂತ ಅತ್ತಳಂತೆ. ಆ ಹೆಂಗಸು ಅತ್ತಿದ್ದನ್ನ ಅಲ್ಲಿ ತನಕ ಯಾರೂ ನೋಡಿರಲಿಲ್ಲವಂತೆ.

ನೆನೆದ ರಾಗಿ ಮೊಳಕೆ ಬಂತು, ಅದನ್ನ ಹುರಿದು ಬೀಸಿ ಮಕ್ಕಳಿಗೆಲ್ಲ ರಾಗಿಸರಿ ಕಾಯಿಸಿ ಕೊಟ್ಟರಂತೆ. ಆಮೇಲೆ ಮಳೆ ನಿಂತು, ಬಿಸಿಲು ಬಂದು, ಗಾಡಿಗಳೂ ಬಂದವು. ಹಿರಿಮಗ ಅಂಗಳದ ಗುಂಡಿ ನೋಡಿ, ನಾನಿಲ್ಲದೆ ಹಗೇವು ಮುಟ್ಟಿದ್ದು ಯಾರು ಅಂತ ಗುಡುಗಿದನಂತೆ. ತಿಮ್ಮಿ ಕಂಬದ ಮರೆಗೆ ಸರಿದಳು. ಬೋರಮ್ಮ ಅವಳ ಕೈ ಹಿಡಿದು ಎಳೆದು, ಮಣೆ ಮೇಲೆ ಕೂರಿಸಿ, ಬಿಸಿ ಮುದ್ದೆ ಮೊದಲು ಅವಳ ತಟ್ಟೆಗಿಟ್ಟು, ಮಗನ ಕಡೆ ತಿರುಗಿ ಅಂದಳಂತೆ, ಕೈಕಾಲು ತೊಳ್ಕೊಂಡು ಬಾ ಮಗನೇ, ನಿನಗೂ ಉಣ್ಣೋಕೆ ಇದೆ.

ಹೂಂ ಅನ್ನೋದೇ ನಿಲ್ಲಿಸಿಬಿಟ್ಟೆಯಾ? ಅವರು ಉಂಡು ಮಲಗಿದರು, ನೀನೂ ಮಲಗಿದೆ, ಇನ್ನು ನನ್ನ ಸರದಿ. ಕತೆ ಮುಗೀತು ಕೂಸೇ.