ಕೆಂಚವ್ವ ಅರಿಯೆನೆಂದ ಮೂವರು ಅಣ್ಣಂದಿರು

ಒಂದಾನೊಂದು ಕಾಲದಲ್ಲಿ ಇದು ನಡೆಯಿತಂತೆ, ಮಗೂ.

ಬಯಲುಸೀಮೆಯ ಒಂದು ಹಟ್ಟಿಯಲ್ಲಿ ಕಂಬಳಿ ನೇಯುವ ಕುರುಬರ ಮೂವರು ಅಣ್ಣತಮ್ಮಂದಿರಿದ್ದರಂತೆ. ಹಿರಿಯವನಾದ ಬೀರಣ್ಣ ಕುರಿಯ ಉಣ್ಣೆ ಕತ್ತರಿಸುವನು, ನಡುವಿನವನಾದ ಅಮೋಗಿ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುವನು, ಕಿರಿಯವನಾದ ಮಾಳಿಂಗ ಮಗ್ಗದ ಕುಣಿಯಲ್ಲಿ ಕುಳಿತು ನೇಯುವನು. ಅವರಿಗೆ ಒಬ್ಬಳೇ ತಂಗಿ, ಕೆಂಚವ್ವ. ತಾಯಿತಂದೆ ಒಂದೇ ಜ್ವರದಲ್ಲಿ ತೀರಿಹೋದ ಮೇಲೆ ಅವಳನ್ನು ಮೂವರೂ ಸೇರಿ ಸಾಕಿದರು. ಒಬ್ಬ ತಲೆ ಬಾಚುವನು, ಒಬ್ಬ ರೊಟ್ಟಿ ಬಡಿಯುವನು, ಒಬ್ಬ ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುವನು.

ಆಮೇಲೆ ಕುರಿಗಳಿಗೆ ಬೇನೆ ಬಂದು ದೊಡ್ಡಿ ಬರಿದಾಯಿತಂತೆ. ಪೇಟೆಯಲ್ಲಿ ಸಾಹುಕಾರನೊಬ್ಬನ ವಿಧವೆ ಗುರುಸಿದ್ದವ್ವ, ಮಕ್ಕಳಿಲ್ಲದವಳು, ಜೊತೆಗಿರಲು ಒಂದು ಹುಡುಗಿಯನ್ನು ಹುಡುಕುತ್ತಿದ್ದಾಳೆಂದು ತಿಳಿದು, ತಂಗಿಯಾದರೂ ಹೊಟ್ಟೆ ತುಂಬ ಉಣ್ಣಲಿ ಎಂದು ಬೀರಣ್ಣ ಅವಳನ್ನು ಕರೆದುಕೊಂಡು ಹೊರಟನಂತೆ. ಪೇಟೆಯ ಅಗಸೆಬಾಗಿಲು ಬಂದಾಗ ಅವಳು, ಅಣ್ಣಾ, ನೀನು ಇಲ್ಲೇ ನಿಲ್ಲು, ನಾನೊಬ್ಬಳೇ ಹೋಗ್ತೀನಿ ಅಂದಳು. ಯಾಕೆಂದು ಅವನು ಕೇಳಲಿಲ್ಲ.

ಗುರುಸಿದ್ದವ್ವ ಬಾಗಿಲಲ್ಲೇ ನಿಂತು, ನಿನಗೆ ನಿನ್ನವರು ಅಂತ ಯಾರಾದರೂ ಇದ್ದಾರೇನೇ, ಇದ್ದರೆ ಬೇಡವ್ವ, ನಾಳೆ ಒಬ್ಬೊಬ್ಬರೇ ಬಂದು ನನ್ನ ಕಟ್ಟೆಯ ಮೇಲೆ ಕೂತುಬಿಡ್ತಾರೆ ಅಂದಳಂತೆ. ಅಷ್ಟರಲ್ಲಿ ಓಣಿಯ ಹುಡುಗಿಯರು ಮೂಗು ಹಿಡಿದು, ಇದ್ಯಾವ ಟಗರು ಬಂತ್ರೇ ಊರೊಳಗೆ ಎಂದು ನಕ್ಕರು. ಕೆಂಚವ್ವನ ಮೈಯಲ್ಲಿ ಉಣ್ಣೆಯ ವಾಸನೆ, ಗಂಜಿಯ ವಾಸನೆ. ಅವಳು ತಲೆ ತಗ್ಗಿಸಿ, ಯಾರೂ ಇಲ್ಲ ಅಂದಳು. ಹೊಟ್ಟೆಗಿಲ್ಲದೆ ಹಾಗೆ ಹೇಳಿದ್ದರೆ ನಾನು ಕ್ಷಮಿಸುತ್ತಿದ್ದೆ, ಮಗೂ. ನಗುವವರಿಗೆ ಹೆದರಿ ಹೇಳಿದಳು.

ಗುರುಸಿದ್ದವ್ವ ಅವಳಿಗೆ ಎಣ್ಣೆನೀರು ಹಾಕಿಸಿ, ಹೊಸ ಸೀರೆ ಉಡಿಸಿ, ಕಾಂಚನೆ ಎಂದು ಕರೆದಳಂತೆ. ಬರಬರುತ್ತ ಸ್ವಂತ ಮಗಳಂತೆಯೇ ನೋಡಿಕೊಂಡಳು. ಕೆಂಚವ್ವನೂ ಕಾಂಚನೆಯಂತೆ ನಡೆಯಲು, ಕಾಂಚನೆಯಂತೆ ನಗಲು ಕಲಿತಳು.

ಆಮೇಲೆ ಒಂದು ದಿನ ಬೀರಣ್ಣ ತಂಗಿಯನ್ನು ನೋಡಲು ಬಂದನಂತೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತಂಗಿಗೆಂದು ಮಾಡಿದ ಸಿಹಿ ಮಾದಲಿಯ ಗಂಟು. ಯಾರೇ ಅದು ಎಂದು ಒಳಗಿನಿಂದ ಗುರುಸಿದ್ದವ್ವ ಕೇಳಿದರೆ, ಕೆಂಚವ್ವ ಅವನ ಮುಖ ನೋಡುತ್ತಲೇ, ಯಾರೋ ಕಂಬಳಿ ಮಾರುವವನು ಅವ್ವಾ ಅಂದಳು. ಬೀರಣ್ಣ ಹೆಗಲಿನ ಕಂಬಳಿಯನ್ನು ಕಟ್ಟೆಯ ಮೇಲೆ ಹಾಸಿ, ಹೌದ್ರೀ ಅವ್ವಾರ, ಕರಿ ಕಂಬಳಿ, ಒಂದು ಮುಳ್ಳಿಲ್ಲ, ಮುಟ್ಟಿ ನೋಡ್ರಿ ಎಂದು ಕೂಗಿ, ಗುರುಸಿದ್ದವ್ವನಿಗೇ ಮಾರಿ, ಹಣ ತೆಗೆದುಕೊಂಡು ಹೋದನಂತೆ. ಮಾದಲಿಯ ಗಂಟು ಹೇಗೆ ಬಂದಿತ್ತೋ ಹಾಗೇ ಹಿಂದಿರುಗಿತು. ಹಟ್ಟಿಯಲ್ಲಿ ತಮ್ಮಂದಿರು ಕೇಳಿದರೆ, ಸುಖವಾಗೈತಿ ಹುಡುಗಿ, ನಾವು ಅಡ್ಡ ಹೋಗೋದು ಬ್ಯಾಡ ಅಂದ.

ಅಮೋಗಿಯ ಮನಸ್ಸು ತಡೆಯಲಿಲ್ಲವಂತೆ. ಅವನೂ ಹೋದ. ಅವಳು ಕಿಟಕಿಯಲ್ಲಿ ಗೆಳತಿಯರ ಜೊತೆ ಕುಳಿತಿದ್ದವಳು, ಇವನು ಯಾರೋ ಕುರಿ ಕಳೆದುಕೊಂಡು ಅಲೆಯುವ ಹುಚ್ಚ ಎಂದು ಅವರಿಗೆ ಹೇಳಿಬಿಟ್ಟಳು. ಅಮೋಗಿ ಹಾಸ್ಯಗಾರ. ಕಣ್ಣು ಪಿಳಿಪಿಳಿ ಮಾಡಿ, ನಮ್ಮ ಮರಿ ಒಂದು ತಪ್ಪಿಸಿಕೊಂಡೈತ್ರೀ, ಈ ಕಡಿ ಬಂದಿತ್ತೇನ್ರೀ ಅಂದ. ಗೆಳತಿಯರು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಅವನು ಓಣಿಯ ತಿರುವಿನವರೆಗೂ ಕುರಿ ಕರೆಯುವವನ ಹಾಗೆ ಕೂಗುತ್ತಲೇ ಹೋದನಂತೆ.

ಆಮೇಲೆ ಕೆಂಚವ್ವನಿಗೆ ಪಕ್ಕದೂರಿನ ದೇಸಾಯರ ಮಗನೊಡನೆ ಮದುವೆ ಗೊತ್ತಾಯಿತು, ಸುದ್ದಿ ಹಟ್ಟಿಗೂ ಮುಟ್ಟಿತು. ಕುರುಬರ ಆ ಹಟ್ಟಿಯಲ್ಲಿ ಒಂದು ಪದ್ಧತಿಯಿತ್ತಂತೆ. ಹೆಣ್ಣುಮಗಳು ಅರಿಶಿನಕ್ಕೆ ಕೂರುವಾಗ ಅಡಿಯಲ್ಲಿ ಒಡಹುಟ್ಟಿದವರು ನೇಯ್ದು ಕೊಟ್ಟ ಕಂಬಳಿ ಇರಬೇಕು. ಮಾರಿದ್ದು, ಕೊಂಡದ್ದು ಆಗದು. ಬರಿಯ ಚಾಪೆಯ ಮೇಲೆ ಕುಳಿತವಳಿಗೆ ತವರಿಲ್ಲವೆಂದು ಅರ್ಥ. ಅಣ್ಣಂದಿರಿಬ್ಬರೂ ಇನ್ನು ಬಿಟ್ಟುಬಿಡೋಣ ಅಂದರು. ಮಾಳಿಂಗ ಒಪ್ಪಲಿಲ್ಲ. ಆಕಿ ನಮ್ಮನ್ನ ಬಿಟ್ಟಳಂತ ನಾವೂ ಆಕೀನ ಬಿಡಬೇಕೇನು ಎಂದು ಜಗಳವಾಡಿ, ಕಂಬಳಿ ನೇಯ್ದು, ಅರಿಶಿನದ ದಿನ ಬೆಳಕು ಹರಿಯುತ್ತಲೇ ಗುರುಸಿದ್ದವ್ವನ ಹಿತ್ತಿಲ ಗೋಡೆ ಹಾರಿ ಮದುವೆಯ ಹಂದರದೊಳಗೆ ಹೋದನಂತೆ. ಯಾರಿಗೂ ಕಾಣದ ಹಾಗೆ ಅದನ್ನು ಚಾಪೆಯ ಅಡಿಗೆ ಹಾಸಿ ಬಂದುಬಿಡುವುದು ಅವನ ಎಣಿಕೆ. ಹಾಸುತ್ತಿರುವಾಗಲೇ ಆಳುಗಳು ಹಿಡಿದರು. ಕಳ್ಳ, ಕಳ್ಳ ಎಂದು ಬಡಿದು, ಎಳೆದು ತಂದು ಕೆಂಚವ್ವನ ಮುಂದೆ ನಿಲ್ಲಿಸಿ, ಇವನನ್ನು ಎಲ್ಲಾದರೂ ನೋಡಿದ್ದೀರಾ ತಾಯಿ ಎಂದು ಕೇಳಿದರು. ಅವನ ತುಟಿ ಒಡೆದಿತ್ತು. ಹಳ್ಳ ದಾಟಿಸುತ್ತಿದ್ದ ಅಣ್ಣ ಅವನೇ. ಇಲ್ಲ ಅಂದಳು.

ನಿದ್ದೆ ಬಂದರೂ ಇದಿಷ್ಟು ಕೇಳಿಯೇ ಮಲಗು.

ಚಾವಡಿಯಲ್ಲಿ ಊರು ಸೇರಿತಂತೆ. ಅಣ್ಣಂದಿರಿಬ್ಬರೂ ಓಡಿಬಂದರು. ಗುರುಸಿದ್ದವ್ವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಳಿತಿದ್ದಳು. ಊರ ಗೌಡ, ಆ ಮನೆಗೆ ಯಾಕೆ ಹೋದೆಯೋ ಎಂದು ಮಾಳಿಂಗನನ್ನು ಕೇಳಿದ. ಮಾಳಿಂಗ ತುಟಿಯ ರಕ್ತ ಒರೆಸಿಕೊಂಡ. ಆ ಮನೆಯ ಹುಡುಗಿಗೂ ನಿಮಗೂ ಏನಾದರೂ ಗುರುತಿದೆಯೇ ಎಂದು ಗೌಡ ಮೂವರನ್ನೂ ಕೇಳಿದ. ಬೀರಣ್ಣ ಕೈ ಮುಗಿದು, ಇಲ್ರೀ ಗೌಡ್ರ, ಒಮ್ಮೆ ಕಂಬಳಿ ಮಾರಿದ್ದೆ, ಅಷ್ಟ ಅಂದ. ಅಮೋಗಿ, ಕುರಿ ಕಂಡೀರೇನು ಅಂತ ಕೇಳಿದ್ದೆ, ಗುರುತು ಎಲ್ಲಿಂದ ಬರಬೇಕ್ರೀ ಅಂದ. ಮಾಳಿಂಗ ಒಡೆದ ತುಟಿಯಲ್ಲೇ, ಇಲ್ಲ ಅಂದ.

ಅವಳು ಹೇಳಿದ್ದ ಮಾತುಗಳನ್ನೇ ಅವರು ಅವಳಿಗಾಗಿ ಹೇಳಿದರು. ಅದನ್ನು ಅವಳು ಕೂತು ಕೇಳಿದಳು.

ಹಾಗಾದರೆ ಈ ಕಳ್ಳನ ತಲೆ ಬೋಳಿಸಿ ಕತ್ತೆಯ ಮೇಲೆ ಊರು ಸುತ್ತಿಸಿ ಎಂದು ಗೌಡ ತೀರ್ಪು ಕೊಟ್ಟ. ಕ್ಷೌರಿಕ ಬಂದು ಮಾಳಿಂಗನ ತಲೆಗೆ ನೀರು ಹಚ್ಚಿದ. ಮಾಳಿಂಗ ಅವನಿಗೆ ಅನುಕೂಲವಾಗಲೆಂದು ತಲೆ ಬಗ್ಗಿಸಿದನಂತೆ. ಆಗ ಕೆಂಚವ್ವ ಎದ್ದಳು. ಅವನು ನಮ್ಮಣ್ಣ ಅಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಅಂದಳು. ದೇಸಾಯರ ಕಡೆಯವರು, ಹುಡುಗಿಗೆ ಏನೋ ಸೋಕಿದೆ, ನಿಂಬೆಹಣ್ಣು ತನ್ನಿ ಅಂದರು. ಬೀರಣ್ಣ ಗಾಬರಿಯಿಂದ, ಸುಮ್ಮನ ಒಳಗ ಹೋಗವ್ವ, ನಮಗ ತಂಗಿ ಇಲ್ಲ ಅಂದ. ಆ ಮಾತಿಗೆ ಅವಳು ನೆಲದ ಮೇಲೆ ಕುಳಿತು, ಊರೆಲ್ಲ ಕೇಳುವ ಹಾಗೆ, ಒಂದೊಂದನ್ನೂ ಹೇಳಿದಳಂತೆ. ಅಗಸೆಯಲ್ಲಿ ಒಬ್ಬನನ್ನು ನಿಲ್ಲಿಸಿ ಬಂದದ್ದು, ಅವನನ್ನೇ ಕಂಬಳಿ ಮಾರುವವನೆಂದದ್ದು, ಇನ್ನೊಬ್ಬನನ್ನು ಹುಚ್ಚನೆಂದು ನಕ್ಕದ್ದು, ಈ ಬೆಳಿಗ್ಗೆ ಇಲ್ಲವೆಂದದ್ದು. ಏನನ್ನೂ ಮುಚ್ಚಲಿಲ್ಲ. ಮುಖವನ್ನೂ ಮುಚ್ಚಿಕೊಳ್ಳಲಿಲ್ಲ.

ಗೌಡ ಕ್ಷೌರಿಕನನ್ನು ಕಳಿಸಿಬಿಟ್ಟ. ದೇಸಾಯರು ಮದುವೆ ಮುರಿದು ಬಂಡಿ ಹೂಡಿಸಿದರು. ಗುರುಸಿದ್ದವ್ವ, ಯಾರೂ ಇಲ್ಲದವಳೇ ಬೇಕು ಅಂತ ಕೇಳಿದವಳು ನಾನು, ಕೇಳಬಾರದ್ದನ್ನು ಕೇಳಿದೆ ಎಂದು ತಾನೂ ತಲೆ ತಗ್ಗಿಸಿ ಮನೆಗೆ ಹೋದಳಂತೆ.

ಅಣ್ಣಂದಿರು ಮುಂದೆ, ಕೆಂಚವ್ವ ಹಿಂದೆ, ಹಟ್ಟಿಯವರೆಗೂ ನಡೆದರು. ಅವರು ಬಾ ಅನ್ನಲಿಲ್ಲ, ಬರಬೇಡ ಅನ್ನಲಿಲ್ಲ. ಊಟಕ್ಕೆ ಕುಳಿತಾಗ ಅವಳು ಬಾಗಿಲ ಹೊರಗೇ ನಿಂತಳು. ಆಗ ಮಾಳಿಂಗ ತಟ್ಟೆಯೊಂದನ್ನು ತನ್ನ ಪಕ್ಕಕ್ಕೆ ಸರಿಸಿ, ಸಾಹುಕಾರ್ತಿ, ಇಲ್ಲಿ ತುಪ್ಪ ಇಲ್ಲ, ಬರೀ ಖಾರ ಐತಿ, ನಡೀತೈತೇನು ಅಂದ. ಅಮೋಗಿ ನಕ್ಕ. ಬೀರಣ್ಣ ರೊಟ್ಟಿ ಹಾಕಿದ. ಅವಳು ಬಂದು ಕುಳಿತಳು. ಖಾರ ಹಚ್ಚಿಕೊಂಡು ಮೊದಲ ತುತ್ತು ತಿಂದಳಂತೆ.

ಆಮೇಲೆ ದೊಡ್ಡಿಯಲ್ಲಿ ಕುರಿ ಹೆಚ್ಚಿದವು, ಕೆಂಚವ್ವನಿಗೂ ಆ ಹಟ್ಟಿಯಲ್ಲೇ ಮದುವೆಯಾಗಿ ಒಳ್ಳೆಯ ಮನೆ ಸಿಕ್ಕಿತು. ಯಾರ ಪೈಕಿ ನೀನು ಎಂದು ಯಾರಾದರೂ ಕೇಳುವ ಮೊದಲೇ ಅವಳು ಮೂವರ ಹೆಸರನ್ನೂ ಹೇಳಿಬಿಡುವಳಂತೆ. ಜನ ಅದನ್ನು ಹೆಮ್ಮೆ ಎಂದುಕೊಂಡರು. ಅದು ನಾಚಿಕೆ. ಆ ನಾಚಿಕೆಯಿಂದಲೇ ಅವಳು ನೆಟ್ಟಗೆ ಬಾಳಿದಳು. ಕತೆ ಇಲ್ಲಿಗೆ ತೀರಿತು.

ಚಾವಡಿಯಿಂದ ಬಂದ ಆ ದಿನ ಊಟಕ್ಕೆ ಕುಳಿತಿದ್ದವರು: ಬೀರಣ್ಣ, ಅಮೋಗಿ, ಮಾಳಿಂಗ, ಕೆಂಚವ್ವ.