ದೊರೆಗಿಂತ ಒಂದು ದಿನ ಮೊದಲು

ಹುಲಿಗುಂಡಿಯ ದೊರೆ ದುಗ್ಗಪ್ಪನಾಯಕನಿಗೆ ಒಂದು ಶುಕ್ರವಾರ ಬೆಳಗ್ಗೆ ಮೂರು ಸೀನು ಬಂದವು. ನಾಲ್ಕನೆಯದು ಬಂದಾಗ ಅವನು ಮಂಚ ಹತ್ತಿ ಮಲಗಿ, "ನನ್ನ ಕಾಲ ಮುಗಿಯಿತು" ಎಂದು ಘೋಷಿಸಿದ.

ಅರಮನೆಯ ಪಂಡಿತ ಅಳಲೆಕಾಯಿಯ ಆಚೆಗೆ ಏನನ್ನೂ ಕಲಿತವನಲ್ಲ. ದೊರೆಯ ಮಾತಿಗೆ ಇಲ್ಲವೆನ್ನುವ ಧೈರ್ಯವಂತೂ ಅವನ ವಂಶದಲ್ಲೇ ಇರಲಿಲ್ಲ. ನಾಡಿ ಹಿಡಿದು, "ನಾಳೆ ಕಳೆಯುವುದು ಕಷ್ಟ" ಎಂದುಬಿಟ್ಟ.

ಇಂಥ ಹೊತ್ತಿನಲ್ಲಿ ಬುದ್ಧಿಯಿರುವವರು ಸುಮ್ಮನಿರುತ್ತಾರೆ. ದಳವಾಯಿ ಕೆಂಚವೀರಯ್ಯನಿಗೆ ಆ ಅಭ್ಯಾಸವಿಲ್ಲ. ಎದೆ ಬಡಿದುಕೊಂಡು ಕೂಗಿದ: "ಮಹಾಪ್ರಭು! ತಾವಿಲ್ಲದ ಲೋಕದಲ್ಲಿ ಒಂದು ಗಳಿಗೆಯೂ ಇರಲಾರೆ. ತಮ್ಮ ಹಿಂದೆಯೇ ನನ್ನ ಪ್ರಾಣ!"

ದಳವಾಯಿಗಿಂತ ತಮ್ಮ ಭಕ್ತಿ ಕಡಿಮೆಯೆಂದು ಕಾಣಬಾರದಲ್ಲ? ಉಳಿದ ಒಂಬತ್ತು ಜನ ಆಸ್ಥಾನಿಕರೂ "ನಮ್ಮದೂ, ನಮ್ಮದೂ" ಎಂದು ಅರಚಿದರು.

ದೊರೆಯ ಕಣ್ಣಲ್ಲಿ ನೀರು ಬಂತು. "ನಮ್ಮ ಮುತ್ತಾತನ ಕಾಲದಲ್ಲಿ ದೊರೆಯ ಜೊತೆಗೇ ಸಾಯುತ್ತೇವೆಂದು ಆಣೆಯಿಟ್ಟು, ಕಾಲಿಗೆ ಕಡಗ ತೊಡುವ ವೀರರಿದ್ದರಂತೆ. ಅವರ ಸಂತತಿಯೇ ಅಳಿಯಿತು ಅಂದುಕೊಂಡಿದ್ದೆ. ಕಲ್ಲುಕುಟಿಗನನ್ನು ಕರೆಸಿ! ಇವರಿಗೆಲ್ಲ ಇವತ್ತೇ ವೀರಗಲ್ಲು ಕೆತ್ತಲಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಳವಾಯಿಯ ಮುಖ ಬಿಳುಚಿಕೊಂಡಿತು. ಮುಳುಗುವಾಗ ಪಕ್ಕದವನನ್ನೂ ಎಳೆದುಕೊಳ್ಳುವ ಜಾತಿ ಅವನದು. "ಪ್ರಭು, ಅಲ್ಲಿ ತಮಗೆ ವೀಳ್ಯ ಮಡಿಸಿ ಕೊಡುವವರು ಯಾರು? ಅಡಪದ ಸಿಂಗಣ್ಣನೂ ಬರಲಿ" ಎಂದ.

ಸಿಂಗಣ್ಣ ದೊರೆಯ ಎಲೆಅಡಿಕೆ ಪೆಟ್ಟಿಗೆ ಹಿಡಿಯುವವನು. ಮುಂದಿನ ವಾರ ಅವನ ಮಗಳ ಮದುವೆ. ಚಪ್ಪರಕ್ಕೆ ಗಳ ತಂದಿಟ್ಟು ಆಗಷ್ಟೇ ಕೆಲಸಕ್ಕೆ ಬಂದಿದ್ದ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಸುದ್ದಿ ಕೇಳಿದ್ದೇವೆ. ಇಲ್ಲಿ ಒಬ್ಬರ ನೆಗಡಿಗೆ ಹನ್ನೊಂದು ಜನರ ತಲೆಯೇ ಹೋಗುವಂತಾಯಿತು.

ಕಲ್ಲುಕುಟಿಗ ಅಳತೆಯ ದಾರ ಹಿಡಿದು ಬಂದ. "ದಳವಾಯಿಗಳೇ, ಮೀಸೆ ಇದ್ದಷ್ಟೇ ಇರಲೋ, ಸ್ವಲ್ಪ ಉದ್ದ ಮಾಡಲೋ?" ಎಂದು ಕೇಳಿದ. ದಳವಾಯಿ ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ.

ಸಿಂಗಣ್ಣ ಮಂಚದ ಬಳಿ ಬಂದು ಕೈಮುಗಿದ. "ಬುದ್ಧೀ, ನನ್ನದೊಂದು ಅರಿಕೆ."

"ಏನು, ಹೆದರಿಕೆಯೋ?"

"ಪದ್ಧತಿಯ ಮಾತು, ಬುದ್ಧಿ. ತಾವು ಬೇಟೆಗೆ ಹೊರಟರೆ ನಾವು ಒಂದು ದಿನ ಮೊದಲೇ ಹೋಗುತ್ತೇವೆ. ಗುಡಾರ ಹೊಡೆದು, ನೀರು ಕಾಯಿಸಿ, ಎಲೆ ಒರೆಸಿ ಇಟ್ಟಿರುತ್ತೇವೆ. ದೊರೆಯೇ ಮೊದಲು ಹೋಗಿ ಬರಿನೆಲದಲ್ಲಿ ಕೂತು ಆಳುಗಳ ದಾರಿ ಕಾಯುವುದು ಹುಲಿಗುಂಡಿಯಲ್ಲಿ ಯಾವತ್ತಾದರೂ ಉಂಟೇ?"

"ಎಲ್ಲಾದರೂ ಉಂಟೇ!"

"ಹಾಗಾದರೆ ನಾವು ಇವತ್ತೇ ಹೊರಡಬೇಕು. ದಳವಾಯಿಗಳು ಮುಂದೆ, ನಾನು ಹಿಂದೆ."

ದಳವಾಯಿ ನಿಂತಲ್ಲೇ ಕುಸಿದ. "ಇ... ಇವತ್ತೇ?"

"ತಡ ಮಾಡಿದರೆ ಒಳ್ಳೆಯ ಜಾಗವೆಲ್ಲ ಬೇರೆ ದೊರೆಗಳ ಪಾಲಾಗುತ್ತದೆ, ಸ್ವಾಮಿ."

ದೊರೆಗೆ ಸಂತೋಷ ತಡೆಯಲಾಗಲಿಲ್ಲ. "ಭೇಷ್! ಹೊರಡಿ, ಹೊರಡಿ!"

"ಒಂದೇ ತೊಡಕು, ಬುದ್ಧಿ. ಹೋದ ಸಲ ನಮ್ಮನ್ನು ಕಾಡಿಗೆ ಕಳಿಸಿ, ನಾಲ್ಕು ಹನಿ ಮಳೆ ಬಿತ್ತೆಂದು ತಾವು ಬರಲೇ ಇಲ್ಲ. ಐದು ದಿನ ಗುಡಾರದಲ್ಲಿ ಸೊಳ್ಳೆ ಹೊಡೆಯುತ್ತ ಕೂತಿದ್ದೆವು. ಕಾಡಾದರೆ ವಾಪಸು ಬರಬಹುದು. ಆ ಊರಿಂದ ಬರಲಾದೀತೇ? ಅದಕ್ಕೇ ತಾವು ಹೊರಡುವ ದಿನವನ್ನು ಓಲೆಯಲ್ಲಿ ಬರೆದು ಮುದ್ರೆ ಒತ್ತಿ ಕೊಡಿ. ಅರಮನೆಯ ಮುದ್ರೆ ಬಿದ್ದ ಮೇಲೆ ದಿನ ತಪ್ಪುವಂತಿಲ್ಲ."

ಓಲೆ ಬಂತು, ಬರೆಯುವ ಕಂಟ ಬಂತು. ದೊರೆ ಎದ್ದು ಕೂತ. "ಯಾವತ್ತು ಅಂತ ಬರೆಯಲಿ?"

"ನಾಳೆ. ಪಂಡಿತರೇ ಹೇಳಿದ್ದಾರಲ್ಲ."

ಕಂಟ ಓಲೆಯ ಮೇಲೆ ನಿಂತುಬಿಟ್ಟಿತು. "ನಾಳೆ ಶನಿವಾರ ಕಣೋ."

"ಭಾನುವಾರ?"

"ಭಾನುವಾರ ರಾಣಿ ಒಬ್ಬಟ್ಟು ಮಾಡಿಸುತ್ತಾಳೆ."

"ಸೋಮವಾರ?"

"ಒಬ್ಬಟ್ಟಿನ ಸಾರು ಮಾರನೆಯ ದಿನವೇ ಅಲ್ಲವೇನೋ ರುಚಿ!"

"ಮಂಗಳವಾರ?"

"ಮಂಗಳವಾರ ಯಾರಾದರೂ ಮನೆ ಬಿಟ್ಟು ಹೊರಡುತ್ತಾರೇನೋ, ಮಂಕೇ?"

ಸಿಂಗಣ್ಣ ಬಿಡಲಿಲ್ಲ. ಬುಧವಾರ ಅಂದ, ಹುಣ್ಣಿಮೆ ಅಂದ, ಯುಗಾದಿಯ ತನಕ ಹೋದ. ದೊರೆ ಒಂದೊಂದಕ್ಕೂ ಒಂದೊಂದು ಕುಂಟುನೆಪ ಹೇಳಿದ. ಹಣೆಯಲ್ಲಿ ಬೆವರಿಳಿಯಿತು, ಬೆವರಿನ ಜೊತೆ ನೆಗಡಿಯೂ ಇಳಿಯಿತು. ಕೊನೆಗೆ ಕಂಟವನ್ನು ಕೆಳಗಿಟ್ಟ.

"ಹೆದರಿಕೆಯಾಗುತ್ತದೆ ಸಿಂಗಣ್ಣ" ಎಂದ, ಸಣ್ಣ ದನಿಯಲ್ಲಿ. "ಒಬ್ಬನೇ ಹೋಗಬೇಕಲ್ಲ ಅಂತ. ಅದಕ್ಕೇ ಇವರನ್ನೆಲ್ಲ ಕಟ್ಟಿಕೊಂಡೆ."

ಸಿಂಗಣ್ಣನಿಗೆ ಅಯ್ಯೋ ಅನ್ನಿಸಿತು. "ಯಾರಿಗೆ ಆಗುವುದಿಲ್ಲ, ಬುದ್ಧಿ? ನನಗೂ ಆಯಿತು. ದಳವಾಯಿಗಳು ನೋಡಿ, ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಆ ದಿನ ತಾನಾಗಿ ಬಂದಾಗ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿರುತ್ತೇನೆ. ಬಾಯಿಗೆ ತುಳಸಿನೀರು ನಾನೇ ಬಿಡುತ್ತೇನೆ. ಹೊಸಿಲ ತನಕ ಖಂಡಿತ ಬರುತ್ತೇನೆ. ಹೊಸಿಲು ದಾಟುವಾಗ ಮಾತ್ರ ದೊಡ್ಡವರು ಮೊದಲು."

ದೊರೆ ನಕ್ಕು, ಕಲ್ಲುಕುಟಿಗನನ್ನು ಮನೆಗೆ ಕಳಿಸಿದ. ಅವನಿಗಿಂತ ಮೊದಲು ಬಾಗಿಲು ದಾಟಿದವನು ದಳವಾಯಿ.

ಆಮೇಲೆ ದೊರೆ ಹುಸಿಮುನಿಸು ತಂದುಕೊಂಡು ಕೇಳಿದ: "ಅಂದರೆ, ನನ್ನ ಜೊತೆ ಸಾಯುವಷ್ಟು ಪ್ರೀತಿ ನಿನಗಿಲ್ಲ ಅನ್ನು!"

"ತಮ್ಮ ಜೊತೆ ಸಾಯುವುದು ಒಂದು ಗಳಿಗೆಯ ಕೆಲಸ, ಬುದ್ಧಿ. ಅದನ್ನು ಯಾರು ಬೇಕಾದರೂ ಮಾಡಿಯಾರು. ನಾನು ಹದಿನೆಂಟು ವರ್ಷ ತಮ್ಮ ಜೊತೆ ಬದುಕಿದ್ದೇನೆ. ಅದಕ್ಕೆ ಎಂಥ ಗುಂಡಿಗೆ ಬೇಕು ಅಂತ ರಾಣಿಯವರನ್ನು ಕೇಳಿ ನೋಡಿ!"

ಪರದೆಯ ಹಿಂದಿನಿಂದ ರಾಣಿಯ ನಗು ಮೊದಲು ಕೇಳಿಸಿತು. ದೊರೆ ನಕ್ಕದ್ದು ಆಮೇಲೆ.