ಹತ್ತು ನೆಟಿಗೆ

ಹೊಳೆಯಾಚೆಯ ಆಸ್ಪತ್ರೆಯಿಂದ ಕರೆ ಬಂದರೆ ಗುರುಗಳು ಕೂಡಲೇ ಹೊರಡುತ್ತಿದ್ದರು. ಅಲ್ಲಿನ ತೀವ್ರ ನಿಗಾ ಘಟಕದ ಮಕ್ಕಳಿಗೂ ಅವರ ಮನೆಯವರಿಗೂ ಧೈರ್ಯ ಹೇಳುವುದು ಆಶ್ರಮದ ಕೆಲಸ.

ಒಂದು ದಿನ ಹಾಗೆ ಕರೆ ಬಂದಾಗ ಶಿಷ್ಯ ಚಿದಂಬರ ತಡೆಯಲಾರದೆ ಕೇಳಿಯೇಬಿಟ್ಟ.

"ಈ ಸಲ ನಾನು ಮಾತಾಡಲೇ, ಗುರುಗಳೇ?"

"ಆಗಲಿ, ನಡಿ."

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೋಣಿಯಲ್ಲೂ ಹೇಳಬೇಕಾದ ಮಾತನ್ನು ಒಂದೇ ಸಮನೆ ಕಂಠಪಾಠ ಮಾಡಿದ.

ಘಟಕದ ಒಳಗೆ ಐದು ವರ್ಷದ ಹೊನ್ನಿ ಮಲಗಿದ್ದಳು. ಉಸಿರಾಟಕ್ಕೆ ಹಾಕಿದ್ದ ಮಾಸ್ಕನ್ನು ಹೆದರಿ ಹೆದರಿ ಕಿತ್ತುಹಾಕುತ್ತಿದ್ದಳು.

"ಇದನ್ನು ಇಟ್ಟುಕೊಳ್ಳದಿದ್ದರೆ ಗಂಟಲಿಗೆ ಕೊಳವೆ ಇಳಿಸಬೇಕಾಗುತ್ತೆ," ಎಂದರು ಡಾಕ್ಟರು. "ಅದಾಗದಿರಲಿ ಅಂತ ನೋಡ್ತಿದ್ದೀನಿ."

ತಾಯಿ ಸಾಕಮ್ಮ ಅಳುತ್ತಲೇ ದೃಷ್ಟಿ ತೆಗೆಯಲು ಎರಡೂ ಕೈ ಚಾಚಿದಳು.

"ಇಂಥಾ ಜಾಗದಲ್ಲಿ ದೃಷ್ಟಿ ಗಿಷ್ಟಿ ಬೇಡ, ತಾಯಿ," ಎಂದ ಚಿದಂಬರ. "ನಿಮ್ಮ ಕಣ್ಣೀರು ಕಂಡರೆ ಮಗು ಇನ್ನೂ ಹೆದರುತ್ತೆ. ಹೊರಗಿರಿ."

ಆಕೆ ಕೈ ಇಳಿಸಿಕೊಂಡು ಹೊರಗೆ ಹೋದಳು.

ಆತ್ಮಕ್ಕೆ ಭಯವೇ ಇಲ್ಲವೆಂದು ಅವನು ಹೊನ್ನಿಗೆ ಹೇಳಿದ. ಪಾಪ, ಚೆನ್ನಾಗಿಯೇ ಹೇಳಿದ. ನರ್ಸ್ ಕೂಡ ತಲೆದೂಗಿದರು. ಹೊನ್ನಿ ಮಾಸ್ಕ್ ಕಿತ್ತು ಬಾಗಿಲ ಕಡೆ ನೋಡಿದಳು.

ಗುರುಗಳು ಬಗ್ಗಿ ಕೇಳಿದರು. "ಅವ್ವ ಮನೇಲಿ ದೃಷ್ಟಿ ತೆಗೀತಾಳೇನವ್ವ?"

ಹೊನ್ನಿ ಹೌದೆಂದು ತಲೆಯಾಡಿಸಿದಳು.

"ನೆಟಿಗೆ ಎಷ್ಟು ಬೀಳ್ತವೆ?"

ಮಗು ಹತ್ತೂ ಬೆರಳು ಎತ್ತಿ ತೋರಿಸಿತು.

ಗುರುಗಳು ಶಿಷ್ಯನ ಕಡೆ ತಿರುಗಿದರು. "ಹೋಗು, ಕರ್ಕೊಂಡು ಬಾ."

ಚಿದಂಬರ ಓಡಿದ. ಸಾಕಮ್ಮ ಕೈ ತೊಳೆದು ಬಂದಳು. ನರ್ಸ್ ಮತ್ತೆ ಮಾಸ್ಕ್ ಕಟ್ಟಿದರು. ವೈರುಗಳ ನಡುವೆಯೇ ತಾಯಿ ಮಗಳ ಕೆನ್ನೆ ಸವರಿ, ಬೆರಳು ಮಡಚಿ ತನ್ನ ಕಣತಲೆಗೆ ಒತ್ತಿದಳು. ನೆಟಿಗೆ ಲಟಲಟನೆ ಮುರಿದವು.

"ಯಾರ ಕಣ್ಣು ಬಿದ್ದಿತ್ತೋ ನನ್ನ ಕಂದಂಗೆ. ನೋಡೇ, ಎಷ್ಟೊಂದು."

ಹೊನ್ನಿ ನಕ್ಕಳು. ಮಾಸ್ಕಿನೊಳಗೆಲ್ಲ ಹಬೆ ಕಟ್ಟಿತು. ಇನ್ನೊಂದು ಸಲ ಎಂದು ಸನ್ನೆ ಮಾಡಿದಳು, ಮತ್ತೆ ಇನ್ನೊಂದು ಸಲ. ಕೈ ಮಾಸ್ಕಿನ ಕಡೆ ಹೋಗಲೇ ಇಲ್ಲ.

ಡಾಕ್ಟರು ಯಂತ್ರದಲ್ಲಿನ ಆಮ್ಲಜನಕದ ಅಂಕಿಯನ್ನೇ ನೋಡುತ್ತಾ ನಿಂತಿದ್ದರು. "ಏರ್ತಾ ಇದೆ," ಎಂದರು ಕೊನೆಗೆ. "ಕೊಳವೆ ಸದ್ಯಕ್ಕೆ ಬೇಡ."

ಚಿದಂಬರನಿಗೆ ಕುಣಿಯುವಷ್ಟು ಖುಷಿ, ತಲೆ ತಗ್ಗಿಸುವಷ್ಟು ನಾಚಿಕೆ. ದೋಣಿಗೆ ಕಾಲಿಡುವ ಮೊದಲೇ ಗುರುಗಳ ತೋಳು ಹಿಡಿದ.

"ಹಾಗಾದರೆ ದೃಷ್ಟಿ ಅನ್ನೋದು ನಿಜವಾಗಿಯೂ ಇತ್ತೇ? ಈಗ ಹೋಯಿತೇ?"

"ಏನು ಹೋಯಿತೋ ನಾ ಕಾಣೆನಪ್ಪ," ಎಂದರು ಗುರುಗಳು. "ನೀನು ಹೊರಗೆ ಕಳಿಸಿದ್ದವಳು ಒಳಗೆ ಬಂದಳು."